ಪ್ರೀತಿಯೇ ಅವರನ್ನು ಬದುಕಿಸಿತೇ?

ಹೆದರ್ ಮಾರಿಸ್ ಅವರ ‘ದಿ ಟ್ಯಾಟೂಯಿಸ್ಟ್ ಆಫ್ ಆಶ್ವಿಟ್ಜ್’ ಕಾದಂಬರಿ ನಮ್ಮ ಗ್ರಂಥಾಲಯದಿಂದ ಹೊರಗೆ ಹೋದರೆ ಬೇಗ ವಾಪಸ್ ಬರುವುದಿಲ್ಲ. ಕಳೆದ ತಿಂಗಳು ಅದನ್ನು ಓದಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು, “ಸರ್, ಅವರಿಬ್ಬರನ್ನು ಬದುಕಿಸಿದ್ದು ಪ್ರೀತಿಯೇ ಅಲ್ವಾ?” ಎಂದು ಕೇಳಿದಳು. ತರಗತಿಗೆ ಹೊರಟಿದ್ದೆ, ಹೌದು ಎಂದುಬಿಟ್ಟೆ. ಇತಿಹಾಸ ಕಲಿಸುವವನು ಹಾಗೆ ಹೇಳಬಾರದಿತ್ತು.

ಕಥೆಯ ಬೇರು ನಿಜವಾದದ್ದೇ. ಸ್ಲೊವಾಕಿಯಾದ ಯಹೂದಿ ಯುವಕ ಲಾಲೆಯನ್ನು 1942ರ ಏಪ್ರಿಲ್‌ನಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರಕ್ಕೆ ಸಾಗಿಸಿದರು. ಕೈದಿಗಳ ತೋಳಿನ ಮೇಲೆ ಸಂಖ್ಯೆಯ ಹಚ್ಚೆ ಹಾಕುವ ಕೆಲಸ ಅವನಿಗೆ ಸಿಕ್ಕಿತು. ಅಲ್ಲೇ ಗೀಟಾಳ ಪರಿಚಯವಾಯಿತು. 1945ರಲ್ಲಿ ಮದುವೆಯಾದ ಇಬ್ಬರೂ ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆಸಿದರು. ಗೀಟಾ 2003ರಲ್ಲಿ ತೀರಿಕೊಂಡ ಮೇಲೆ ಲಾಲೆ ಲೇಖಕಿಗೆ ಈ ಕಥೆ ಹೇಳಿದ. ಕಾದಂಬರಿ ಬಂದದ್ದು 2018ರಲ್ಲಿ.

ಅದೇ ವರ್ಷ ಆಶ್ವಿಟ್ಜ್ ಸ್ಮಾರಕದ ಸಂಶೋಧಕರು ಅದರಲ್ಲಿ ಹಲವು ತಪ್ಪುಗಳನ್ನು ತೋರಿಸಿದರು. ಕಾದಂಬರಿಯಲ್ಲಿ ಗೀಟಾಳ ಸಂಖ್ಯೆ 34902. ಆಕೆಯೇ ಹಿಂದೆ ಕೊಟ್ಟಿದ್ದ ಸಂದರ್ಶನದಲ್ಲಿ 4562. ಟೈಫಸ್ ತಗುಲಿದ ಗೀಟಾಳಿಗೆ ಲಾಲೆ ಪೆನಿಸಿಲಿನ್ ತರಿಸುತ್ತಾನೆ. 1943ರ ಆರಂಭದಲ್ಲಿ ಆ ಔಷಧ ಹಾಗೆ ಸಿಗುತ್ತಿರಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನೂ ಗಮನಿಸಿ: ಹೇನಿನಿಂದ ಹರಡುವ ಟೈಫಸ್ ಪೆನಿಸಿಲಿನ್‌ಗೆ ಬಗ್ಗುವ ರೋಗವೇ ಅಲ್ಲ.

ಇವನ್ನು ಕಾದಂಬರಿಯ ಸ್ವಾತಂತ್ರ್ಯ ಎಂದು ಬಿಡಬಹುದೇನೋ. ನನಗೆ ಬಿಡಲಾಗದ್ದು ಬೇರೆ. ಪ್ರೀತಿ ಬದುಕಿಸುತ್ತದೆ ಎಂದರೆ, ಸತ್ತವರ ಪ್ರೀತಿ ಕಡಿಮೆಯಾಗಿತ್ತು ಎಂದಂತಾಯಿತಲ್ಲ? ಆಶ್ವಿಟ್ಜ್‌ನಲ್ಲಿ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ ಬಹುಪಾಲು ಯಹೂದಿಗಳು. ರೈಲು ಇಳಿದಾಗ ಮಗುವಿನ ಕೈ ಹಿಡಿದಿದ್ದ ತಾಯಂದಿರನ್ನು, ದುಡಿಯುವ ವಯಸ್ಸಿನವರಾಗಿದ್ದರೂ, ಸಾಮಾನ್ಯವಾಗಿ ಮಗುವಿನೊಂದಿಗೇ ನೇರವಾಗಿ ಅನಿಲ ಕೋಣೆಗೆ ಕಳಿಸುತ್ತಿದ್ದರು. ಅಲ್ಲಿ ಪ್ರೀತಿಗೆ ಕೊರತೆ ಇತ್ತೇ?

ಲಾಲೆಯನ್ನು ಉಳಿಸಿದ್ದು ವಯಸ್ಸು, ಅದೃಷ್ಟ, ಆ ಕೆಲಸದಿಂದ ಸಿಕ್ಕ ಹೆಚ್ಚಿನ ಊಟ. ಸಿಕ್ಕಿದ್ದನ್ನು ಒಬ್ಬನೇ ತಿನ್ನದೆ ಹಂಚಿದನಲ್ಲ, ಅಲ್ಲಿ ಪ್ರೀತಿಯ ಕೆಲಸವಿದೆ. ಕಾದಂಬರಿಯ ಆ ಪುಟಗಳನ್ನು ನಾನೂ ಎರಡು ಸಲ ಓದಿದೆ.

ಆ ವಿದ್ಯಾರ್ಥಿನಿಗೆ ಮೊನ್ನೆ ಆನ್ ಫ್ರಾಂಕ್‌ಳ ದಿನಚರಿ ಕೊಟ್ಟೆ. ಆನ್ ಮತ್ತು ಅವಳ ಅಕ್ಕ ಮಾರ್ಗಟ್ ಆಶ್ವಿಟ್ಜ್‌ನಿಂದ ಬರ್ಗನ್-ಬೆಲ್ಸನ್ ಶಿಬಿರಕ್ಕೆ ಜೊತೆಯಾಗಿಯೇ ಹೋದರು. 1945ರ ಆರಂಭದಲ್ಲಿ, ಶಿಬಿರದ ಬಿಡುಗಡೆಗೆ ಕೆಲವೇ ವಾರಗಳಿರುವಾಗ, ಇಬ್ಬರೂ ತೀರಿಕೊಂಡರು.