ಗ್ರಾಫಿಕ್ಸ್ ಮೆಮೊರಿಯೂ ಅದರ ವೇಗವೂ

ಆಟದ ಲ್ಯಾಪ್‌ಟಾಪಿನಲ್ಲಿ ಚಿತ್ರಗಳ ವಿವರವನ್ನು ಹಿಡಿದಿಡುವುದು ಗ್ರಾಫಿಕ್ಸ್ ಮೆಮೊರಿ. ಅದನ್ನು ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಸಂಸ್ಥೆಗಳು ತಯಾರಿಸುತ್ತವೆ. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಸಂಸ್ಥೆಯ ಮೆಮೊರಿ ಇರುವುದುಂಟು, ಕೊಳ್ಳುವವರಿಗೆ ಆಯ್ಕೆಯಿಲ್ಲ. ಹೆಸರನ್ನು ತಿಳಿಯಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವಿದೆ.

ಹೆಸರಿನ ಬಗೆಗಿನ ವಾದಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು. 2016ರಲ್ಲಿ ಮೈಕ್ರಾನ್ ಮೆಮೊರಿಯಿದ್ದ ಕೆಲವು ಜಿಟಿಎಕ್ಸ್ 1070 ಕಾರ್ಡುಗಳ ವೇಗವನ್ನು ಏರಿಸಿದಾಗ ಚಿತ್ರ ಕೆಡುತ್ತಿತ್ತು. ತಯಾರಕರು ಹೊಸ ಬಯಾಸ್ ಕೊಟ್ಟು ಅದನ್ನು ಸರಿಪಡಿಸಿದರು.

ಮಿತಿಮೀರಿ ವೇಗವೇರಿಸಿದರೆ ಮಾಹಿತಿ ಸಾಗುವಾಗ ತಪ್ಪಾಗುತ್ತದೆ. ತಪ್ಪಾದುದನ್ನು ಗುರುತಿಸಿ ಮತ್ತೆ ಕಳುಹಿಸುವ ಏರ್ಪಾಡು ಇಂದಿನ ಮೆಮೊರಿಗುಂಟು. ಆದುದರಿಂದಲೇ ಅಂಕಿ ಏರಿದರೂ ಆಟ ನಿಧಾನವಾಗಬಹುದು! ಮೇ ತಿಂಗಳ ಡೊಂಬಿವಲಿಯ ಸೆಕೆಯಲ್ಲಿ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪಿಗೆ ಈ ಮಿತಿ ಇನ್ನೂ ಬೇಗ ಬರುತ್ತದೆ. ಚಿಪ್ಪುಗಳು ಹಲಗೆಗೇ ಬೆಸೆದಿರುವುದರಿಂದ, ಒಂದು ಕೆಟ್ಟರೂ ತಂದೆತಾಯಿಯರಿಗೆ ದೊಡ್ಡ ವೆಚ್ಚ. ಏರಿಸಲೇಬೇಕೆನ್ನುವವರು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿ ಸಲವೂ ಆಟದ ವೇಗವನ್ನೇ ಅಳೆಯಲಿ. ಅದು ಇಳಿಯತೊಡಗಿದೊಡನೆ ಹಿಂದಿನ ಅಂಕಿಗೆ ಮರಳಲಿ.