ಉಬ್ಬಿದ ರಕ್ತನಾಳಗಳಿಗೆ ಲೇಸರ್ ಚಿಕಿತ್ಸೆ: ಹುಣ್ಣಾಗುವ ತನಕ ಕಾಯಬೇಡಿ

ಸಂಜೆಯಾಗುತ್ತಲೇ ನಿಮ್ಮ ಕಾಲು ಭಾರವಾಗುತ್ತದೆಯೇ? ಮೀನಖಂಡದ ಮೇಲೆ ನೀಲಿ ನಾಳಗಳು ಹಾವಿನಂತೆ ಸುತ್ತಿಕೊಂಡು ಉಬ್ಬಿವೆಯೇ? ಜನರು ಇದನ್ನು ‘ನರ ಉಬ್ಬಿದೆ’ ಎನ್ನುತ್ತಾರೆ. ಆದರೆ ಇವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು. ಈ ಕಾಯಿಲೆಗೆ ವೆರಿಕೋಸ್ ವೇನ್ಸ್ ಎಂದು ಹೆಸರು. ಯುನಾನಿ ಗ್ರಂಥಗಳಲ್ಲಿ ಇದನ್ನು ‘ದವಾಲಿ’ ಎನ್ನಲಾಗಿದೆ.

ಕಾರಣವೇನು?

ಕಾಲಿನ ರಕ್ತ ಮೇಲಕ್ಕೆ ಹರಿಯಬೇಕು. ಅದು ಕೆಳಗೆ ಜಾರದಂತೆ ನಾಳಗಳೊಳಗೆ ಪುಟ್ಟ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಹಿಂದಕ್ಕೆ ಇಳಿದು, ನಿಂತು, ನಾಳ ಹಿಗ್ಗುತ್ತದೆ. ಅನುವಂಶೀಯತೆ, ಗರ್ಭಧಾರಣೆ, ಬೊಜ್ಜು, ದಿನವಿಡೀ ನಿಂತು ಮಾಡುವ ಕೆಲಸ ಇವೆಲ್ಲ ಇದಕ್ಕೆ ದಾರಿ ಮಾಡಿಕೊಡುತ್ತವೆ.

ಮೊದಮೊದಲು ನೋವು, ರಾತ್ರಿ ಸೆಳೆತ, ತುರಿಕೆ, ಪಾದದ ಊತ. ನಂತರ ಹರಡಿನ ಸುತ್ತ ಚರ್ಮ ಕಪ್ಪಾಗುತ್ತದೆ. ಕೊನೆಗೆ ಒಣಗದ ಹುಣ್ಣು. ನನ್ನ ದವಾಖಾನೆಗೆ ಬಂದ ತಾಯಿಯೊಬ್ಬರು ಇಂತಹ ಹುಣ್ಣಿಗೆ ಎರಡು ವರ್ಷದಿಂದ ಮುಲಾಮು ಹಚ್ಚುತ್ತಿದ್ದರು. ಕಾಲು ತೋರಿಸಲು ಸಂಕೋಚವೆಂದು ಮನೆಯವರಿಗೂ ಹೇಳಿರಲಿಲ್ಲ. ಸಂಕೋಚವಿದ್ದರೆ ವೈದ್ಯೆಯನ್ನೇ ಕಾಣಿರಿ, ಆದರೆ ಮುಚ್ಚಿಡಬೇಡಿ.

ಲೇಸರ್ ಏನು ಮಾಡುತ್ತದೆ?

ಸುಮಾರು ಸಾವಿರ ವರ್ಷಗಳ ಹಿಂದೆ ಅಂದಲೂಸಿಯಾದ ಮಹಾನ್ ವೈದ್ಯ ಅಝ್ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಉಬ್ಬಿದ ನಾಳವನ್ನು ಕೊಯ್ದು ತೆಗೆಯುವ ವಿಧಾನವನ್ನು ವಿವರಿಸಿದ್ದಾರೆ. ಇತ್ತೀಚಿನವರೆಗೂ ಕೊಯ್ದು ಎಳೆದು ತೆಗೆಯುವ ಶಸ್ತ್ರಕ್ರಿಯೆಯೇ ಮುಖ್ಯ ದಾರಿಯಾಗಿತ್ತು. ಈಗ ನಾಳವನ್ನು ಹೊರತೆಗೆಯದೆ ಒಳಗಿನಿಂದಲೇ ಮುಚ್ಚಬಹುದು.

ಮೊದಲು ರೋಗಿಯನ್ನು ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಿ, ಯಾವ ಕವಾಟ ಕೆಟ್ಟಿದೆಯೆಂದು ಗುರುತಿಸುತ್ತಾರೆ. ಬಳಿಕ ಸೂಜಿಯ ರಂಧ್ರದ ಮೂಲಕ ತೆಳ್ಳನೆಯ ಲೇಸರ್ ತಂತುವನ್ನು ನಾಳದೊಳಗೆ ಸೇರಿಸುತ್ತಾರೆ. ಸುತ್ತ ಮರಗಟ್ಟಿಸುವ ದ್ರವ ಚುಚ್ಚುತ್ತಾರೆ. ಇದು ನೋವನ್ನೂ ತಡೆಯುತ್ತದೆ, ಪಕ್ಕದ ಚರ್ಮ-ನರಗಳನ್ನು ಶಾಖದಿಂದಲೂ ಕಾಪಾಡುತ್ತದೆ. ತಂತುವನ್ನು ನಿಧಾನವಾಗಿ ಹಿಂದೆಳೆಯುವಾಗ ಅದರ ಶಾಖಕ್ಕೆ ನಾಳ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ. ಹೆಚ್ಚಿನವರು ಅಂದೇ ನಡೆದು ಮನೆಗೆ ಹೋಗುತ್ತಾರೆ. 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಕೂಡ ಶಸ್ತ್ರಕ್ರಿಯೆಗಿಂತ ಮೊದಲು ಇಂತಹ ಶಾಖ ಚಿಕಿತ್ಸೆಯನ್ನೇ ಪರಿಗಣಿಸುವಂತೆ ಹೇಳಿದೆ.

‘ನಾಳ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗುತ್ತದೆ?’ ಎಂದು ಹಲವರು ಕೇಳುತ್ತಾರೆ. ಕಾಲಿನ ರಕ್ತದ ಬಹುಪಾಲನ್ನು ಒಯ್ಯುವುದು ಮಾಂಸದೊಳಗಿನ ಆಳದ ನಾಳಗಳು. ಮುಚ್ಚುವುದು ಚರ್ಮದಡಿಯ, ಈಗಾಗಲೇ ಕೆಟ್ಟಿರುವ ನಾಳವನ್ನು ಮಾತ್ರ.

ಮಿತಿಗಳೂ ಇವೆ. ಕೆಲವು ದಿನ ನೋವು, ಕಂದಿದ ಕಲೆ, ಮರಗಟ್ಟಿದ ಅನುಭವ ಇರಬಹುದು. ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಂದೆ ಬೇರೆ ನಾಳ ಉಬ್ಬಲೂಬಹುದು. ಗರ್ಭಿಣಿಯರು ಹೆರಿಗೆಯಾಗುವ ತನಕ ಈ ಚಿಕಿತ್ಸೆಗೆ ಕಾಯಬೇಕು.

ಮನೆಯಲ್ಲಿ ಪಾಲಿಸಬೇಕಾದದ್ದು

• ದಿನವೂ ನಡೆಯಿರಿ. ಮೀನಖಂಡದ ಸ್ನಾಯುವೇ ರಕ್ತವನ್ನು ಮೇಲೆತ್ತುವ ಪಂಪು.
• ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಬೇಡಿ. ಮಲಗುವಾಗ ಕಾಲಡಿಗೆ ದಿಂಬಿಡಿ.
• ಬಿಗಿ ಕಾಲುಚೀಲವನ್ನು ವೈದ್ಯರು ಹೇಳಿದ ಅಳತೆಯದ್ದೇ ಧರಿಸಿ.
• ಉಬ್ಬಿದ ನಾಳವನ್ನು ಗಟ್ಟಿಯಾಗಿ ತಿಕ್ಕಬೇಡಿ. ಜಿಗಣೆ ಚಿಕಿತ್ಸೆ, ರಕ್ತ ತೆಗೆಸುವುದನ್ನು ಅರ್ಹ ಹಕೀಮರಲ್ಲದವರಿಂದ ಮಾಡಿಸಲೇಬೇಡಿ.
• ನಾಳ ಒಡೆದು ರಕ್ತ ಚಿಮ್ಮಿದರೆ ಮಲಗಿ, ಕಾಲನ್ನು ಮೇಲೆತ್ತಿ, ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಹೋಗಿ.
• ಒಂದು ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಅಥವಾ ಉಸಿರಾಟ ಕಷ್ಟವಾದರೆ ಕ್ಷಣವೂ ತಡಮಾಡಬೇಡಿ.

ನಾನು ಯುನಾನಿ ವೈದ್ಯ. ಪಥ್ಯದ ಬೆಲೆ ನನಗೆ ಗೊತ್ತು. ಆದರೆ ಕೆಟ್ಟುಹೋದ ಕವಾಟವನ್ನು ಯಾವ ಕಷಾಯವೂ, ಎಣ್ಣೆಯೂ ಸರಿಪಡಿಸದು. ಆ ತಾಯಿಯನ್ನೂ ರಕ್ತನಾಳ ತಜ್ಞರ ಬಳಿಗೇ ಕಳುಹಿಸಿದೆ. ನಾಳ ಮುಚ್ಚಿಸಿ, ಬಿಗಿ ಪಟ್ಟಿ ಕಟ್ಟಿಸಿಕೊಂಡ ಕೆಲವು ತಿಂಗಳಲ್ಲಿ ಹುಣ್ಣು ಮಾಯಿತು. ಇಂದು ಮನೆಯ ಹಿರಿಯರ ಕಾಲನ್ನೊಮ್ಮೆ ನೋಡಿ. ಹರಡಿನ ಬಳಿ ಚರ್ಮ ಕಪ್ಪಾಗಿದ್ದರೆ ಹುಣ್ಣಾಗುವ ಮೊದಲೇ ಸ್ಕ್ಯಾನ್ ಮಾಡಿಸಿ.