ಉಳಿಸಿದ ಲೆಕ್ಕ ಎಲ್ಲಿ ಹೋಯಿತು?

ಪ್ರೋಗ್ರಾಂ ಬರೆಯುವುದನ್ನು ಹೊಸದಾಗಿ ಕಲಿಯುವವನಿಗೆ ಕೂಡುವುದು, ಕಳೆಯುವುದು, ಉತ್ತರವನ್ನು ತೆರೆಯ ಮೇಲೆ ತೋರಿಸುವುದು ಬೇಗನೆ ಕೈವಶವಾಗುತ್ತವೆ. ಪ್ರೋಗ್ರಾಂ ಮುಗಿದೊಡನೆ ಆ ಲೆಕ್ಕವೆಲ್ಲ ನೀರಿನ ಮೇಲಣ ಬರಹದಂತೆ ಅಳಿದುಹೋಗುವುದನ್ನು ಕಂಡಾಗಲೇ ಫೈಲಿನ ಅಗತ್ಯ ತೋರುವುದು. ಕಷ್ಟಗಳು ಮೊದಲಾಗುವುದೂ ಅಲ್ಲಿಂದಲೇ. ಪೈಥಾನ್ ಭಾಷೆಯನ್ನು ಆಧಾರವಾಗಿಟ್ಟುಕೊಂಡು ಅವುಗಳಲ್ಲಿ ಕೆಲವನ್ನು ವಿಚಾರಿಸೋಣ.

ವಿದ್ಯಾರ್ಥಿನಿಲಯದ ಊಟದ ಲೆಕ್ಕಕ್ಕಾಗಿ ನಾನು ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆನು. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಷ್ಟು ಕಾಲ, ಅಂದರೆ ಮೂರು ವಾರ, ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ದಿನ ಗೆಳೆಯರ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯೋಣವೆಂಬ ಉತ್ಸಾಹ ಬಂದಿತು. ಉಳಿಸಹೊರಟಾಗ ಮೊದಲ ಹೆಸರಿನಲ್ಲಿಯೇ ಪ್ರೋಗ್ರಾಂ ದೋಷವನ್ನು ಸಾರಿ ನಿಂತುಬಿಟ್ಟಿತು. ಹಳೆಯ ಲೆಕ್ಕವಾದರೂ ಇದೆಯಲ್ಲ ಎಂದು ಫೈಲನ್ನು ತೆರೆದರೆ ಅದು ಬರಿದಾಗಿತ್ತು!

ಇಲ್ಲಿ ಎರಡು ತಪ್ಪುಗಳು ಕೂಡಿದ್ದುವು. ಫೈಲಿನಲ್ಲಿ ಕೂರುವುದು ಅಕ್ಷರವಲ್ಲ, ಬೈಟುಗಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ವಿರಾಮಚಿಹ್ನೆಯನ್ನೂ ಎಣಿಸಿ 5 ಸಂಕೇತಗಳು, ಆದುದರಿಂದ 15 ಬೈಟುಗಳು. ಯಾವ ಪದ್ಧತಿಯೆಂದು ನಾವು ಹೇಳದಿದ್ದರೆ ಪೈಥಾನಿನ ಅನೇಕ ಆವೃತ್ತಿಗಳು ವಿಂಡೋಸಿನಲ್ಲಿ ಕನ್ನಡಕ್ಕೆ ಸ್ಥಳವೇ ಇಲ್ಲದ ಹಳೆಯ ಪದ್ಧತಿಯನ್ನು ಹಿಡಿಯುತ್ತವೆ. ಬರೆಯುವಾಗಲೂ ಓದುವಾಗಲೂ ಯುಟಿಎಫ್-8 ಎಂದು ಹೆಸರಿಸಿದರೆ ಈ ತೊಡಕಿಲ್ಲ.

ಎರಡನೆಯದು ಇದಕ್ಕಿಂತ ಘೋರವಾದದ್ದು. ‘ಡಬ್ಲ್ಯೂ’ ಎಂಬ ಸೂಚನೆಯೊಡನೆ ಫೈಲನ್ನು ತೆರೆದರೆ, ಒಂದಕ್ಷರವನ್ನೂ ಬರೆಯುವ ಮೊದಲೇ, ತೆರೆದ ಕ್ಷಣದಲ್ಲಿಯೇ ಹಳೆಯದು ಅಳಿಯುತ್ತದೆ. ‘ಎ’ ಎಂಬ ಸೂಚನೆ ಹಳೆಯದರ ಕೊನೆಗೆ ಸೇರಿಸುತ್ತದೆ ನಿಜ. ಆದರೆ ಪ್ರತಿಸಲವೂ ಪೂರ್ತಿ ಪಟ್ಟಿಯನ್ನೇ ಸೇರಿಸಿದರೆ ಒಬ್ಬನ ಊಟವೇ ಎರಡಾಗಿ, ಮೂರಾಗಿ ಬೆಳೆಯುವುದು. ಹೊಸ ಹೆಸರಿನ ಫೈಲಿನಲ್ಲಿ ಬರೆದು, ಮುಚ್ಚಿ, ಎಲ್ಲವೂ ನೆಟ್ಟಗಾದ ಮೇಲೆ ಅದನ್ನು ‘ಓಎಸ್.ರಿಪ್ಲೇಸ್’ ಮೂಲಕ ಹಳೆಯದರ ಸ್ಥಾನದಲ್ಲಿ ಇಡುವುದು ಕ್ಷೇಮಕರ. ಮುಚ್ಚುವುದನ್ನು ಮರೆತರೆ ಬರೆದದ್ದು ಮೆಮೊರಿಯಲ್ಲಿಯೇ ನಿಂತಿರಬಹುದು. ‘ವಿತ್’ ಪದವನ್ನು ಬಳಸಿದರೆ ಆ ಮರೆವಿಗೆ ಎಡೆಯಿಲ್ಲ. ನಾನಂತೂ ಅಡಿಗೆಯವರ ನೋಟ್‌ಬುಕ್ಕಿನಿಂದ ಮೂರು ವಾರದ ಲೆಕ್ಕವನ್ನು ಮತ್ತೆ ಬರೆದುಕೊಂಡೆನು.

ಇನ್ನು ಓದುವ ಕಡೆಯ ತೊಡಕುಗಳು. ಇಲ್ಲಿ ಊಹೆಗೆ ಹೋಗದೆ, ಉಳಿಸಿದ ಮೇಲೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣಾರೆ ನೋಡತಕ್ಕದ್ದು. ಅಲ್ಲಿಯೇ ತಪ್ಪಿದ್ದರೆ ದೋಷ ಬರೆಯುವ ಭಾಗದ್ದು. ಅಲ್ಲಿ ಸರಿಯಾಗಿದ್ದರೆ ಓದುವ ಭಾಗದ್ದು. ಅರ್ಧ ಪ್ರೋಗ್ರಾಮನ್ನು ವೃಥಾ ಶೋಧಿಸುವ ಶ್ರಮ ಇದರಿಂದ ಉಳಿಯುತ್ತದೆ. ನನ್ನ ಫೈಲಿನಲ್ಲಿ 450 ಮತ್ತು 380 ಸರಿಯಾಗಿಯೇ ಇದ್ದುವು. ಮೊತ್ತ ಮಾತ್ರ 450380 ಎಂದು ಬಂದಿತು! ಫೈಲಿನಿಂದ ಓದಿದ್ದೆಲ್ಲವೂ ಅಕ್ಷರಮಾಲೆ. ‘ಇಂಟ್’ ಎಂಬುದರಿಂದ ಸಂಖ್ಯೆಯಾಗಿ ಮಾರ್ಪಡಿಸದೆ ಕೂಡಿದರೆ ಅಕ್ಕಪಕ್ಕ ಅಂಟಿಕೊಳ್ಳುವುವಷ್ಟೆ. ಸಾಲಿನ ಕೊನೆಯ ಕಾಣದ ಗುರುತು ಹೆಸರಿಗೆ ಅಂಟಿ ಬರುವುದೂ ಉಂಟು. ಆಗ ಪಟ್ಟಿಯಲ್ಲಿರುವ ‘ರವಿ’ ಹುಡುಕಿದರೆ ಸಿಗುವುದಿಲ್ಲ. ‘ಸ್ಟ್ರಿಪ್’ ಅದನ್ನು ಕಳೆಯುತ್ತದೆ. ಜೇಸನ್ ರೂಪದಲ್ಲಿ ಉಳಿಸಿದರೆ ಸಂಖ್ಯೆಗಳು ಸಂಖ್ಯೆಗಳಾಗಿಯೇ ಮರಳುವುವು. ಆದರೆ ಡಿಕ್ಷನರಿಯ ಕೀಲಿಯಾಗಿ ಇಟ್ಟ 12 ಎಂಬ ಕ್ರಮಾಂಕ ಅಕ್ಷರರೂಪದ ‘12’ ಆಗಿ ಬರುವುದೆಂಬುದನ್ನು ಮರೆಯಬಾರದು.

ಫೈಲ್ ಸಿಗಲಿಲ್ಲವೆಂಬ ದೂರು ಬಂದರೆ, ಪ್ರೋಗ್ರಾಂ ಇರುವ ಫೋಲ್ಡರಿನಲ್ಲಲ್ಲ, ಅದನ್ನು ನಡೆಸಿದ ಫೋಲ್ಡರಿನಲ್ಲಿ ಹುಡುಕಾಟ ನಡೆದಿರುವುದೆಂದು ತಿಳಿಯಬೇಕು. ಈ ದೂರಿನ ಕಾಟ ತಪ್ಪಿಸಲೆಂದು ಕೆಲವರು ‘ಎಕ್ಸೆಪ್ಟ್’ ಬರೆದು, ಯಾವ ದೋಷ ಬಂದರೂ ಬರಿದಾದ ಪಟ್ಟಿಯೊಡನೆ ಮುಂದುವರಿಯುವಂತೆ ಮಾಡುತ್ತಾರೆ. ಅಂಥ ಪ್ರೋಗ್ರಾಂ ಮುಗಿಯುವಾಗ ಆ ಬರಿದಾದ ಪಟ್ಟಿಯನ್ನೇ ಹಳೆಯ ಲೆಕ್ಕದ ಮೇಲೆ ಉಳಿಸಿಬಿಡುತ್ತದೆ. ಫೈಲ್ ಇಲ್ಲವೆಂಬ ಒಂದು ದೋಷಕ್ಕೆ ಮಾತ್ರ ಹೊಸ ಪಟ್ಟಿ. ಮಿಕ್ಕ ದೋಷಗಳಿಗೆ ಪ್ರೋಗ್ರಾಂ ನಿಲ್ಲುವುದೇ ಲೇಸು.